ಮೈಸೂರಿನ ಹೆಡ್‌ಮಾಸ್ಟರು ಮತ್ತು ದಕ್ಷಿಣ ಕೆರೊಲಿನಾದ ಅತಿಥಿ

1937ರ ಜನವರಿಯಲ್ಲಿ ವೈ.ಎಂ.ಸಿ.ಎ. ಸಂಸ್ಥೆಗಳ ಜಾಗತಿಕ ಸಮ್ಮೇಳನ ನಮ್ಮ ಮೈಸೂರಿನಲ್ಲಿ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಹಿಂದೂ ಅರಸರ ಸಂಸ್ಥಾನ, ಮುಸಲ್ಮಾನ ದಿವಾನರು, ಕ್ರೈಸ್ತರ ಸಮ್ಮೇಳನ. ಸರ್ವಧರ್ಮ ಸಮನ್ವಯ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೇ ಎಂದು ಯಾರಾದರೂ ಕೇಳಬಹುದು. ಆದರೆ ನಾನು ಹೇಳಹೊರಟಿರುವುದು ಸಮ್ಮೇಳನದ ಸಭಾಂಗಣದಲ್ಲಿ ನಡೆದದ್ದನ್ನಲ್ಲ, ಅದರ ಹೊರಗೆ ಒಂದು ಶಾಲೆಯಲ್ಲಿ ನಡೆದದ್ದನ್ನು.

ಅಮೆರಿಕದಿಂದ ಬಂದಿದ್ದ ಪ್ರತಿನಿಧಿಗಳಲ್ಲಿ ಬೆಂಜಮಿನ್ ಮೇಸ್ ಎಂಬ ಕಪ್ಪು ಮನುಷ್ಯರೊಬ್ಬರಿದ್ದರು. ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದ ಡೀನ್. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಓದುತ್ತಿದ್ದ ಶಾಲೆಯೊಂದರ ಹೆಡ್‌ಮಾಸ್ಟರು ಅವರನ್ನು ಮಾತನಾಡಲು ಕರೆದರು. ಮಕ್ಕಳಿಗೆ ಅತಿಥಿಯನ್ನು ಪರಿಚಯಿಸುವಾಗ, ಇವರೂ ಒಬ್ಬ ಅಸ್ಪೃಶ್ಯರೇ, ಅಮೆರಿಕದಲ್ಲಿ ಬಿಳಿಯರ ಕೈಯಲ್ಲಿ ನಾವು ಇಲ್ಲಿ ಅನುಭವಿಸುವ ಅವಮಾನಗಳನ್ನೆಲ್ಲ ಅನುಭವಿಸಿ, ಆದರೂ ಇಷ್ಟು ದೊಡ್ಡವರಾಗಿದ್ದಾರೆ ಎಂಬ ಅರ್ಥದ ಮಾತು ಹೇಳಿದರು. ಕೇಳಿ ಮೇಸ್ ಬೆಚ್ಚಿದರು. ಸಿಟ್ಟೂ ಬಂತು. ಷಿಕಾಗೋ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದವರು, ಒಂದು ವಿಭಾಗದ ಮುಖ್ಯಸ್ಥರು, ಸಾಗರ ದಾಟಿ ಬಂದ ಅತಿಥಿ, ತಾನು ಅಸ್ಪೃಶ್ಯನೇ? ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸ್ವಂತ ನಾಡಿನಲ್ಲಿ, ಅದರಲ್ಲೂ ಅದರ ದಕ್ಷಿಣ ಭಾಗದಲ್ಲಿ, ತಾನು ನಿಜಕ್ಕೂ ಅಸ್ಪೃಶ್ಯನೇ ಎಂದು ಹಿಂದೆಂದೂ ಹೊಳೆಯದಷ್ಟು ಸ್ಪಷ್ಟವಾಗಿ ಅವರಿಗೆ ಅಲ್ಲಿ ಹೊಳೆಯಿತು. 1971ರಲ್ಲಿ ಪ್ರಕಟವಾದ 'ಬಾರ್ನ್ ಟು ರೆಬೆಲ್' ಎಂಬ ಆತ್ಮಕಥೆಯಲ್ಲಿ ಅವರು ಇದನ್ನು ಬರೆದಿದ್ದಾರೆ.

ಆ ಪುಸ್ತಕವನ್ನು ನಾನು ಮೇರಿಲ್ಯಾಂಡಿನ ನಮ್ಮ ಕೌಂಟಿ ಲೈಬ್ರರಿಯಿಂದ ತಂದು ಓದಿದೆ. ಮೈಸೂರಿನಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ ಬಂದ ನನಗೆ ಇತಿಹಾಸ ಹೊಟ್ಟೆಪಾಡಿನ ವಿಷಯವಲ್ಲ. ಕೆಲಸ ಲೆಕ್ಕಪತ್ರದ್ದು, ಹೆಚ್ಚಾಗಿ ಲಾಭಕ್ಕಲ್ಲದ ಸಂಸ್ಥೆಗಳ ಆಡಿಟ್. ಚರ್ಚು, ದೇವಸ್ಥಾನ, ಆಸ್ಪತ್ರೆ, ಅನ್ನದಾನದ ಟ್ರಸ್ಟು, ಹೀಗೆ ಎಲ್ಲ ಧರ್ಮದವರ ಜಮಾ-ಖರ್ಚೂ ನನ್ನ ಮೇಜಿನ ಮೇಲೆ ಬರುತ್ತದೆ. ವರ್ಷದಲ್ಲಿ ಕೆಲವು ವಾರ ಅಟ್ಲಾಂಟಾ, ಕೆಲವು ವಾರ ಷಾರ್ಲಟ್. ಮೇಸ್ ಹುಟ್ಟಿದ್ದು ದಕ್ಷಿಣ ಕೆರೊಲಿನಾದಲ್ಲಿ, ಡೀನ್ ಆಗಿದ್ದದ್ದು ವಾಷಿಂಗ್ಟನ್ನಿನಲ್ಲಿ, ಬಾಳಿನ ಹೆಚ್ಚು ಕಾಲ ಕಳೆದದ್ದು ಅಟ್ಲಾಂಟಾದಲ್ಲಿ. ನಾನು ಓಡಾಡುವ ದಾರಿಯೂ ಅದೇ. ಆ ದಾರಿಯ ನಡುವೆ ಮೈಸೂರು ಎಂಬ ಹೆಸರು ಸಿಕ್ಕರೆ ಮೈಸೂರಿನವನು ನಿಲ್ಲದೆ ಹೋಗುವುದು ಹೇಗೆ?

ಮೇಸ್ ಹುಟ್ಟಿದ್ದು 1894ರಲ್ಲಿ, ದಕ್ಷಿಣ ಕೆರೊಲಿನಾದ ಎಪ್‌ವರ್ತ್ ಎಂಬ ಹಳ್ಳಿಯ ಹತ್ತಿರ. ತಂದೆ ತಾಯಿ ಇಬ್ಬರೂ ಗುಲಾಮಗಿರಿಯ ಕಾಲದಲ್ಲೇ ಹುಟ್ಟಿದವರು. ಅವರ ಅತ್ಯಂತ ಹಳೆಯ ನೆನಪು 1898ರ ನವೆಂಬರಿನದು. ಚುನಾವಣೆಯ ಸಂದರ್ಭದಲ್ಲಿ ಫೀನಿಕ್ಸ್ ಎಂಬ ಊರಿನಲ್ಲಿ ಗಲಭೆಯೆದ್ದು ಬಿಳಿಯರು ಕಪ್ಪು ಜನರನ್ನು ಬೇಟೆಯಾಡಿದ ದಿನಗಳು ಅವು. ಕುದುರೆ ಏರಿ ಬಂದೂಕು ಹಿಡಿದು ಬಂದವರು ನಾಲ್ಕು ವರ್ಷದ ಹುಡುಗನ ಕಣ್ಣೆದುರಿಗೇ ಅವನ ಅಪ್ಪನಿಂದ ಟೋಪಿ ತೆಗೆಸಿ, ಮತ್ತೆ ಮತ್ತೆ ಬಾಗಿ ವಂದನೆ ಮಾಡಿಸಿದರು. ಬಂದೂಕು ಹಿಡಿದವರೂ ಅಪ್ಪನೂ ಪೂಜಿಸುತ್ತಿದ್ದದ್ದು ಒಂದೇ ದೇವರನ್ನು, ಓದುತ್ತಿದ್ದದ್ದು ಒಂದೇ ಬೈಬಲನ್ನು. ಆ ಹುಡುಗ ಮುಂದೆ ಧರ್ಮದ ಅಧ್ಯಯನಕ್ಕೆ ಇಳಿದದ್ದು ಇಂಥ ನೆನಪನ್ನು ಹೊತ್ತುಕೊಂಡು. ಈಗ ಗ್ರೀನ್‌ವುಡ್ ಪಟ್ಟಣದಲ್ಲಿ ಅವರ ಬಾಲ್ಯದ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಅಟ್ಲಾಂಟಾದಿಂದ ಷಾರ್ಲಟ್‌ಗೆ ಹೋಗುವವರು ಹೆದ್ದಾರಿ ಬಿಟ್ಟು ಸ್ವಲ್ಪ ಸುತ್ತಿದರೆ ನೋಡಬಹುದು.

ಅವರ ಮೊದಲ ಮುಖ್ಯ ಪುಸ್ತಕ ನನ್ನ ಕಸುಬಿನವರಿಗೆ ಇಷ್ಟವಾಗುವಂಥದ್ದು. 1933ರಲ್ಲಿ ಜೋಸೆಫ್ ನಿಕಲ್ಸನ್ ಎಂಬವರ ಜೊತೆ ಸೇರಿ ಅವರು 'ದ ನೀಗ್ರೋಸ್ ಚರ್ಚ್' ಪ್ರಕಟಿಸಿದರು. ನಗರಗಳ 609 ಮತ್ತು ಹಳ್ಳಿಗಾಡಿನ 185 ಕಪ್ಪು ಜನರ ಚರ್ಚುಗಳನ್ನು ಸುತ್ತಿ, ಪಾದ್ರಿಗಳು ಎಷ್ಟು ಓದಿದ್ದಾರೆ, ಪ್ರವಚನದಲ್ಲಿ ಏನು ಹೇಳುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಸಾಲ ಎಷ್ಟು ಎಂದೆಲ್ಲ ವಿಚಾರಿಸಿ ಬರೆದ ವರದಿ ಅದು. ತಮ್ಮ ಜನ ಕಷ್ಟದಲ್ಲಿದ್ದಾರೆ, ಅವರ ಏಕೈಕ ಆಸರೆ ಚರ್ಚು, ಅದನ್ನು ಟೀಕಿಸಬಾರದು ಎಂದು ಅವರು ಸುಮ್ಮನಿರಲಿಲ್ಲ. ಚರ್ಚುಗಳ ಸಂಖ್ಯೆ ಅಗತ್ಯಕ್ಕಿಂತ ಹೆಚ್ಚಾಗಿದೆ, ತರಬೇತಾದ ಪಾದ್ರಿಗಳು ಕಡಿಮೆ, ಕಟ್ಟಡದ ಸಾಲಕ್ಕೆ ಜನರ ದುಡ್ಡು ಹೋಗುತ್ತಿದೆ ಎಂದು ಬರೆದರು. ಹಾಗೆಯೇ ಇದು ಕಪ್ಪು ಜನರ ಸ್ವಂತ ಸಂಸ್ಥೆ, ಬೇರೆಯವರ ಅಪ್ಪಣೆ ಕಾಯದೆ ತಲೆಯೆತ್ತಿ ನಿಲ್ಲಬಹುದಾದ ಜಾಗ ಎಂಬುದನ್ನೂ ಮರೆಯದೆ ದಾಖಲಿಸಿದರು. ಆಡಿಟ್ ವರದಿಯಲ್ಲಿ ಎರಡೂ ಬರಬೇಕು, ಆಸ್ತಿಯೂ ಹೊಣೆಯೂ.

1934ರಲ್ಲಿ ಅವರು ಹೊವರ್ಡ್ ವಿಶ್ವವಿದ್ಯಾಲಯಕ್ಕೆ ಬಂದರು. ಅಂತರ್ಯುದ್ಧ ಮುಗಿದ ಎರಡು ವರ್ಷಕ್ಕೆ, 1867ರಲ್ಲಿ, ಹುಟ್ಟಿದ ವಿಶ್ವವಿದ್ಯಾಲಯ ಅದು. ಅದರ ಮೊದಲ ಕಪ್ಪು ಅಧ್ಯಕ್ಷರಾದ ಮೊರ್ಡೆಕಾಯ್ ಜಾನ್ಸನ್ ಆಗ ಅಲ್ಲಿದ್ದರು. ರ‍್ಯಾಂಕಿನ್ ಚಾಪೆಲ್ ಎಂಬ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದ ಹೊಣೆ ಹೊತ್ತಿದ್ದವರು ಹೊವರ್ಡ್ ಥರ್ಮನ್. ಮೂವರೂ ಧರ್ಮವನ್ನು ಓದಿದವರು, ಮೂವರೂ ಮುಂದೆ ಭಾರತಕ್ಕೆ ಬಂದವರು. ರಾಜಧಾನಿ ವಾಷಿಂಗ್ಟನ್ ಆಗ ಬಣ್ಣದ ಗೆರೆ ಎಳೆದುಕೊಂಡಿದ್ದ ಊರು. ಮೇರಿಯನ್ ಆ್ಯಂಡರ್ಸನ್ ಎಂಬ ಮಹಾ ಗಾಯಕಿಗೆ ಕಪ್ಪು ಬಣ್ಣದ ಕಾರಣಕ್ಕೆ ಕಾನ್‌ಸ್ಟಿಟ್ಯೂಷನ್ ಹಾಲ್ ಸಿಗದೆ ಹೋಗಿ, 1939ರ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದ ಊರು ಇದೇ.

ಮೊದಲು ಹೊರಟವರು ಥರ್ಮನ್. 1935-36ರಲ್ಲಿ ಭಾರತದ ಕ್ರೈಸ್ತ ವಿದ್ಯಾರ್ಥಿ ಚಳವಳಿಯ ಆಹ್ವಾನದ ಮೇಲೆ ಅವರು, ಅವರ ಪತ್ನಿ ಮತ್ತು ಇನ್ನೊಂದು ದಂಪತಿ ಸಿಲೋನ್, ಬರ್ಮಾ, ಭಾರತ ಸುತ್ತಿದರು. ಕೊಲಂಬೋದಲ್ಲಿ ಒಬ್ಬ ವಕೀಲ ಅವರನ್ನು ನೇರವಾಗಿ ಕೇಳಿದ: ನಿಮ್ಮವರನ್ನು ಆಫ್ರಿಕಾದಿಂದ ಹಿಡಿದು ತಂದು ಮಾರಿದವರು ಕ್ರೈಸ್ತರು, ಇಂದಿಗೂ ನಿಮ್ಮನ್ನು ಬೇರೆ ಕೂರಿಸುವವರು ಕ್ರೈಸ್ತರು, ಹಾಗಿರುವಾಗ ನೀವು ಆ ಧರ್ಮದ ಪರವಾಗಿ ಇಲ್ಲಿಗೆ ಬಂದಿರುವುದು ಹೇಗೆ? ಥರ್ಮನ್ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. 1949ರಲ್ಲಿ ಬಂದ ಅವರ 'ಜೀಸಸ್ ಆ್ಯಂಡ್ ದ ಡಿಸ್‌ಇನ್‌ಹೆರಿಟೆಡ್' ಎಂಬ ಸಣ್ಣ ಪುಸ್ತಕದಲ್ಲಿ, ಗೋಡೆಗೆ ಬೆನ್ನುಹಚ್ಚಿ ನಿಂತ ಜನರಿಗೆ ಕ್ರಿಸ್ತನ ಬಾಳು ಏನು ಹೇಳುತ್ತದೆ ಎಂದು ಹುಡುಕಿದರು. ಆ ಹುಡುಕಾಟಕ್ಕೆ ಕೊಲಂಬೋದ ವಕೀಲನ ಪಾಲೂ ಇದೆ. 1936ರ ಫೆಬ್ರವರಿಯಲ್ಲಿ ಬಾರ್ಡೋಲಿಯಲ್ಲಿ ಅವರು ಗಾಂಧೀಜಿಯನ್ನೂ ಕಂಡರು.

ಅದೇ ವರ್ಷದ ಕೊನೆಗೆ ಮೇಸ್ ಭಾರತಕ್ಕೆ ಬಂದರು. ಮೈಸೂರಿನ ಸಮ್ಮೇಳನಕ್ಕೆ ಮೊದಲು ವಾರ್ಧಾದ ಕಡೆಗೆ ಹೋಗಿ ಗಾಂಧೀಜಿಯ ಜೊತೆ ಒಂದೂವರೆ ಗಂಟೆ ಮಾತನಾಡಿದರು. ಅಹಿಂಸೆ ಎಂದರೆ ಸುಮ್ಮನೆ ಸಹಿಸುವುದೇ, ಅದನ್ನು ಒಂದು ಸಮುದಾಯಕ್ಕೆ ಕಲಿಸುವುದು ಹೇಗೆ, ಎದುರಿಗಿರುವವರು ಬಹುಸಂಖ್ಯಾತರಾದರೆ ಏನು ಗತಿ ಎಂದೆಲ್ಲ ಕೇಳಿದರು. ಸಂಭಾಷಣೆ 'ಹರಿಜನ' ಪತ್ರಿಕೆಯಲ್ಲಿ ಅಚ್ಚಾಯಿತು. ಜಾತಿಯ ವಿಷಯವನ್ನೂ ಮೇಸ್ ಎತ್ತದೆ ಬಿಡಲಿಲ್ಲ. ಅಸ್ಪೃಶ್ಯತೆಯನ್ನು ಗಾಂಧೀಜಿ ಕಳಂಕವೆಂದು ಕಂಡರೂ, ವರ್ಣವನ್ನು ದುಡಿಮೆಯ ಹಂಚಿಕೆ ಎಂದು ಒಪ್ಪಿಕೊಳ್ಳುತ್ತಿದ್ದ ಕಾಲ ಅದು. ಅಂಬೇಡ್ಕರರು 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ, ತಾನು ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿ ಆಗಿತ್ತು. 1936ರಲ್ಲಿ 'ಜಾತಿ ವಿನಾಶ'ದ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ತಿರುವಾಂಕೂರಿನ ಮಹಾರಾಜರು ದೇವಸ್ಥಾನಗಳ ಬಾಗಿಲನ್ನು ಎಲ್ಲ ಜಾತಿಗಳಿಗೂ ತೆರೆದ ಘೋಷಣೆ 1936ರ ನವೆಂಬರ್ 12ರದು. ಮೇಸ್ ಬಂದಿಳಿದದ್ದು ಈ ಬಿಸಿಯ ನಡುವೆ. ಮೈಸೂರಿನ ಶಾಲೆಯ ಹೆಡ್‌ಮಾಸ್ಟರು ಮಾತನಾಡಿದ್ದೂ ಇದೇ ಬಿಸಿಯಲ್ಲಿ.

ಆ ಪರಿಚಯದ ಮಾತಿಗೆ ಹಳೆಯ ಬೇರು ಇತ್ತು. ಜ್ಯೋತಿಬಾ ಫುಲೆ 1873ರಲ್ಲೇ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮಗಿರಿಯನ್ನು ತೊಡೆದುಹಾಕಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. 1946ರಲ್ಲಿ ಅಂಬೇಡ್ಕರರು ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ಎರಡೂ ಕಡೆಯವರ ಸ್ಥಿತಿಯ ಹೋಲಿಕೆಯ ಬಗ್ಗೆ ಪ್ರಸ್ತಾಪಿಸಿದರು. ಈ ಎರಡರ ನಡುವೆ ಮೈಸೂರಿನ ಶಾಲೆ ನಿಂತಿದೆ. 1959ರಲ್ಲಿ ಭಾರತಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಕೂಡ ಇಂಥದ್ದೇ ಅನುಭವವನ್ನು ಹೇಳಿದ್ದಾರೆ. ಕೇರಳದ ಒಂದು ಶಾಲೆಯಲ್ಲಿ ತನ್ನನ್ನು ಅಮೆರಿಕದ ಅಸ್ಪೃಶ್ಯನೆಂದು ಪರಿಚಯಿಸಿದರೆಂದು 1965ರಲ್ಲಿ ಅಟ್ಲಾಂಟಾದ ಎಬೆನೀಜರ್ ಚರ್ಚಿನ ಪ್ರವಚನದಲ್ಲಿ ನೆನೆದರು. ಕಿಂಗರ ಕತೆ ಹೆಚ್ಚು ಪ್ರಸಿದ್ಧ. ಅದಕ್ಕಿಂತ 22 ವರ್ಷ ಹಿಂದಿನ ಮೈಸೂರಿನ ಕತೆ ಕನ್ನಡಿಗರಾದ ನಮಗೇ ಅಷ್ಟಾಗಿ ತಿಳಿದಿಲ್ಲ.

ಈ ಕತೆಯನ್ನು ನಾನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ವಾಷಿಂಗ್ಟನ್ ಸುತ್ತಮುತ್ತ ಸರ್ವಧರ್ಮ ಸಭೆಗಳಿಗೆ ಬರವಿಲ್ಲ. ಥ್ಯಾಂಕ್ಸ್‌ಗಿವಿಂಗ್ ಬಂದರೆ ಒಂದು, ಗಾಂಧಿ ಜಯಂತಿಗೆ ಒಂದು, ಎಲ್ಲೋ ದುರಂತ ನಡೆದರೆ ಮೊಂಬತ್ತಿ ಹಿಡಿದು ಮತ್ತೊಂದು. ಒಬ್ಬೊಬ್ಬರಿಗೆ ಐದು ನಿಮಿಷ. ನಾವು ಶಾಂತಿಮಂತ್ರ ಹೇಳುತ್ತೇವೆ, ಲೋಕವೆಲ್ಲ ಒಂದೇ ಕುಟುಂಬ ಎನ್ನುತ್ತೇವೆ, ಸಮೋಸ ತಿಂದು ಮನೆಗೆ ಬರುತ್ತೇವೆ. ಇದರಲ್ಲಿ ತಪ್ಪೇನಿಲ್ಲ. ಪರಿಚಯವಾದರೆ ಕಷ್ಟಕಾಲದಲ್ಲಿ ಫೋನ್ ಮಾಡುವ ಧೈರ್ಯ ಬರುತ್ತದೆ. ಆದರೆ ಪ್ರತಿಯೊಬ್ಬರೂ ತಮ್ಮ ಆಸ್ತಿಯ ಪಟ್ಟಿ ಮಾತ್ರ ಓದಿ, ಹೊಣೆಯ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬಂದಂತೆ ಇರುತ್ತದೆ. ಯಾವ ಆಡಿಟರೂ ಅಂಥ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವುದಿಲ್ಲ. ಮೈಸೂರಿನ ಶಾಲೆಯಲ್ಲಿ ಹಾಗಾಗಲಿಲ್ಲ. ಹೆಡ್‌ಮಾಸ್ಟರು ತಮ್ಮವರ ಗಾಯವನ್ನು ತೆರೆದಿಟ್ಟು ಅತಿಥಿಗೆ ಅವರದೇ ಗಾಯವನ್ನು ತೋರಿಸಿದರು. ಅತಿಥಿ ತಮ್ಮ ದೇಶದ ಲೆಕ್ಕವನ್ನು ಮತ್ತೊಮ್ಮೆ ನೋಡಿಕೊಂಡರು. ತಮ್ಮ ಲೆಕ್ಕವನ್ನು ತಾವೇ ಆಡಿಟ್ ಮಾಡುವಂತಿಲ್ಲ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಧರ್ಮಗಳು ಪರಸ್ಪರ ಭೇಟಿಯಾಗುವುದರಿಂದ ಆಗಬಹುದಾದ ದೊಡ್ಡ ಉಪಕಾರವೂ ಅದೇ ಎಂದು ನನಗೆ ಅನ್ನಿಸುತ್ತದೆ: ಹೊರಗಿನ ಕಣ್ಣೊಂದು ನಮ್ಮ ಪುಸ್ತಕವನ್ನು ನೋಡುತ್ತದೆ.

ಮೇಸ್ 1940ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಹೋದರು, 1967ರ ತನಕ ಅಲ್ಲೇ ಇದ್ದರು. ಪ್ರತಿ ಮಂಗಳವಾರ ಚಾಪೆಲ್‌ನಲ್ಲಿ ಹುಡುಗರೊಂದಿಗೆ ಮಾತನಾಡುತ್ತಿದ್ದರು. 1944ರಲ್ಲಿ ಕಾಲೇಜಿಗೆ ಸೇರಿದ 15 ವರ್ಷದ ಹುಡುಗನೊಬ್ಬ ಆ ಮಾತುಗಳನ್ನು ಕೇಳಿ, ಆಮೇಲೆ ಅವರ ಕೋಣೆಗೂ ಹೋಗಿ ಚರ್ಚೆ ಮಾಡುತ್ತಿದ್ದ. ಅವನೇ ಕಿಂಗ್. ಭಾರತದಿಂದ ಮರಳಿದ್ದ ಮೊರ್ಡೆಕಾಯ್ ಜಾನ್ಸನ್ನರು 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಗಾಂಧಿಯ ಬಗ್ಗೆ ಕೊಟ್ಟ ಉಪನ್ಯಾಸ ಕಿಂಗರನ್ನು ಗಾಂಧಿಯ ಪುಸ್ತಕಗಳತ್ತ ತಿರುಗಿಸಿತು. 1963ರ ಆಗಸ್ಟ್ 28ರಂದು ಲಿಂಕನ್ ಸ್ಮಾರಕದ ಎದುರು ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದಾಗ, ಆರಂಭದ ಪ್ರಾರ್ಥನೆ ಹೇಳಿದವರು ಕ್ಯಾಥಲಿಕ್ ಆರ್ಚ್‌ಬಿಷಪ್, ನಡುವೆ ಮಾತನಾಡಿದವರಲ್ಲಿ ನಾಜಿ ಜರ್ಮನಿಯಿಂದ ಬಂದ ಯಹೂದಿ ರಬ್ಬಿ ಯೋಆಕಿಮ್ ಪ್ರಿನ್ಜ್, ಕೊನೆಯ ಆಶೀರ್ವಚನ ಹೇಳಿದವರು ಮೇಸ್. ಐದು ವರ್ಷದ ನಂತರ, 1968ರ ಏಪ್ರಿಲ್ 9ರಂದು, ಅದೇ ಮೇಸ್ ಮೋರ್‌ಹೌಸ್‌ನ ಆವರಣದಲ್ಲಿ ತಮ್ಮ ಶಿಷ್ಯನ ಅಂತ್ಯಕ್ರಿಯೆಯ ದಿನ ನುಡಿನಮನ ಸಲ್ಲಿಸಬೇಕಾಯಿತು. 1984ರಲ್ಲಿ ಅಟ್ಲಾಂಟಾದಲ್ಲೇ ತೀರಿಕೊಂಡರು.

ಅಟ್ಲಾಂಟಾಗೂ ಕರ್ನಾಟಕಕ್ಕೂ ಈಗ ಇನ್ನೊಂದು ದಾರಿ ಇದೆ. ಅಲ್ಲಿನ ಎಮೊರಿ ವಿಶ್ವವಿದ್ಯಾಲಯ ದಲಾಯಿ ಲಾಮಾ ಅವರ ಆಸೆಯಂತೆ ಟಿಬೆಟನ್ ಭಿಕ್ಷುಗಳಿಗೆ ಆಧುನಿಕ ವಿಜ್ಞಾನದ ಪಾಠಕ್ರಮ ರೂಪಿಸಿತು. ಬೈಲುಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳಲ್ಲಿ 2014ರಿಂದ ಅದು ಕ್ರಮಬದ್ಧ ಪಾಠವಾಗಿ ನಡೆಯುತ್ತಿದೆ. ನೂರಾರು ವರ್ಷದ ತರ್ಕಶಾಸ್ತ್ರವುಳ್ಳ ಒಂದು ಪರಂಪರೆ, ಹೊರಗಿನವರ ನರವಿಜ್ಞಾನ, ಭೌತಶಾಸ್ತ್ರಗಳ ಮುಂದೆ ತನ್ನ ಪುಸ್ತಕವನ್ನು ತಾನಾಗಿ ತೆರೆದು ಕೂತಿದೆ. ಅದಕ್ಕೆ ಧೈರ್ಯ ಬೇಕು.

ಇನ್ನು ಚಾಪ್ಲಿನ್ ಎಂಬ ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ಇದಕ್ಕೆ ನೆಟ್ಟಗಿನ ಪದವಿಲ್ಲ. ದೇವಸ್ಥಾನದಲ್ಲೋ ಚರ್ಚಿನಲ್ಲೋ ಕೂರದೆ, ಸೈನ್ಯ, ಆಸ್ಪತ್ರೆ, ಸೆರೆಮನೆ, ಕಾಲೇಜುಗಳಲ್ಲಿದ್ದು, ಅಲ್ಲಿರುವ ಎಲ್ಲರ ಮನಸ್ಸಿನ ಕಷ್ಟಕ್ಕೆ ಒದಗುವ ಧಾರ್ಮಿಕ ವ್ಯಕ್ತಿ. ಅಮೆರಿಕದ ಸೈನ್ಯದಲ್ಲಿ ಈ ಹುದ್ದೆ ದೇಶಕ್ಕಿಂತ ಹಳೆಯದು; 1775ರ ಜುಲೈ 29ರಂದು ಕಾಂಟಿನೆಂಟಲ್ ಕಾಂಗ್ರೆಸ್ ಇದಕ್ಕೆ ಸಂಬಳ ಗೊತ್ತುಮಾಡಿತು. ಅಂತರ್ಯುದ್ಧ ಶುರುವಾದಾಗ ಕಾನೂನಿನಲ್ಲಿ ಚಾಪ್ಲಿನ್ ಕ್ರೈಸ್ತ ಪಂಗಡಕ್ಕೆ ಸೇರಿರಬೇಕೆಂದಿತ್ತು. ಪೆನ್ಸಿಲ್ವೇನಿಯಾದ ಒಂದು ಅಶ್ವದಳ ಯಹೂದಿಯೊಬ್ಬರನ್ನು ಆರಿಸಿಕೊಂಡಾಗ ತಕರಾರೆದ್ದಿತು. ಆರ್ನಲ್ಡ್ ಫಿಶೆಲ್ ಎಂಬವರು ವಾಷಿಂಗ್ಟನ್ನಿಗೆ ಬಂದು ಅಧ್ಯಕ್ಷ ಲಿಂಕನ್ನರನ್ನೇ ಕಂಡು ಅಹವಾಲು ಹೇಳಿಕೊಂಡರು. 1862ರ ಜುಲೈನಲ್ಲಿ ಕಾನೂನು ಬದಲಾಯಿತು, ಸೆಪ್ಟೆಂಬರಿನಲ್ಲಿ ಜೇಕಬ್ ಫ್ರಾಂಕೆಲ್ ಮೊದಲ ಯಹೂದಿ ಚಾಪ್ಲಿನ್ ಆದರು. ಅಲ್ಲಿಂದ ಮೊದಲ ಮುಸ್ಲಿಂ ಚಾಪ್ಲಿನ್ ಭೂಸೇನೆಗೆ ಬರಲು 1993ರವರೆಗೆ, 131 ವರ್ಷ ಹಿಡಿಯಿತು. ಮೊದಲ ಹಿಂದೂ ಚಾಪ್ಲಿನ್ 2011ರಲ್ಲಿ ಬಂದರು, ಮುಂಬಯಿಯಲ್ಲಿ ಹುಟ್ಟಿದ ಪ್ರತಿಮಾ ಧರ್ಮ್. ಅವರು ಕೆಲಸ ಮಾಡಿದ್ದು ವಾಷಿಂಗ್ಟನ್ ಬಳಿಯ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದವರ ನಡುವೆ. ಹಿಂದೂ ಎಂಬ ಕಾರಣಕ್ಕೆ ಅವರು ಹಿಂದೂ ಸೈನಿಕರನ್ನು ಮಾತ್ರ ನೋಡಿಕೊಂಡರೆಂದು ತಿಳಿಯಬಾರದು. ಬಂದವರು ಯಾರೇ ಆಗಲಿ ನೋಡಿಕೊಳ್ಳಬೇಕಾದದ್ದು ಆ ಹುದ್ದೆಯ ಧರ್ಮ.

ಕಾಲೇಜುಗಳಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಉದಾಹರಣೆ ನಮ್ಮ ಹತ್ತಿರದ್ದು. 1789ರಲ್ಲಿ ಹುಟ್ಟಿದ ಇದು, ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸುಯಿಟ್ ಪಾದ್ರಿಗಳ ಸಂಘಕ್ಕೇ ಸೇರಿದ್ದು. ಕ್ಯಾಥಲಿಕ್ ಸಂಸ್ಥೆಯಾದರೂ 1999ರಲ್ಲಿ ಯಾಹ್ಯಾ ಹೆಂಡಿ ಎಂಬ ಇಮಾಮರನ್ನು ಪೂರ್ಣಾವಧಿ ಚಾಪ್ಲಿನ್ ಆಗಿ ನೇಮಿಸಿತು. 2016ರಲ್ಲಿ ಹಿಂದೂ ವಿದ್ಯಾರ್ಥಿಗಳಿಗಾಗಿ ಬ್ರಹ್ಮಚಾರಿ ವ್ರಜವಿಹಾರಿ ಶರಣರನ್ನು ತಂದಿತು. ಇದೇ ಸಂಸ್ಥೆ ಇನ್ನೊಂದು ಲೆಕ್ಕವನ್ನೂ ತೆರೆಯಿತು. 1838ರಲ್ಲಿ ಮೇರಿಲ್ಯಾಂಡಿನ ಜೆಸುಯಿಟರು ತಮ್ಮ ತೋಟಗಳಲ್ಲಿದ್ದ 272 ಗುಲಾಮರನ್ನು, ಹೆಂಗಸರು ಮಕ್ಕಳು ಸೇರಿದಂತೆ, ಲೂಯಿಸಿಯಾನಾಗೆ ಮಾರಿದ್ದರು. ಸುಮಾರು 1,15,000 ಡಾಲರಿನ ವ್ಯವಹಾರ. ಅದರಲ್ಲಿ ಒಂದು ಪಾಲು ಕಾಲೇಜಿನ ಸಾಲ ತೀರಿಸಲು ಹೋಯಿತು. ನನ್ನಂಥವನೊಬ್ಬ ಆ ಕಾಲದಲ್ಲಿ ಆ ಮೊತ್ತವನ್ನು ಜಮಾ ಎಂದು ಬರೆದು ಲೆಕ್ಕ ಸರಿಹೊಂದಿತೆಂದು ಗೆರೆ ಎಳೆದಿರಬೇಕು. 2017ರ ಏಪ್ರಿಲಿನಲ್ಲಿ ವಿಶ್ವವಿದ್ಯಾಲಯವೂ ಜೆಸುಯಿಟರೂ ಆ ಜನರ ವಂಶಸ್ಥರ ಮುಂದೆ ನಿಂತು ಕ್ಷಮೆ ಕೇಳಿದರು. ಮಾರಾಟದ ಪಟ್ಟಿಯಲ್ಲಿ ಮೊದಲು ಹೆಸರಿದ್ದ ಐಸಾಕ್ ಹಾಕಿನ್ಸ್ ಅವರ ಹೆಸರನ್ನು ಒಂದು ಕಟ್ಟಡಕ್ಕೆ ಇಟ್ಟರು. ಕ್ಷಮೆ ಕೇಳಿದರೆ ಸಾಲ ತೀರುವುದಿಲ್ಲ, ವಂಶಸ್ಥರೂ ಹಾಗೆಂದೇ ಹೇಳಿದರು. ಆದರೆ ಬಚ್ಚಿಟ್ಟ ಪುಸ್ತಕ ಮೇಜಿನ ಮೇಲೆ ಬಂತು.

ಆಸ್ಪತ್ರೆಯ ಚಾಪ್ಲಿನ್‌ಗಳ ತರಬೇತಿಯ ಕತೆಯೂ ಇಂಥದ್ದೇ. ಆ್ಯಂಟನ್ ಬಾಯ್ಸೆನ್ ಎಂಬ ಪಾದ್ರಿ 1920ರಲ್ಲಿ ತೀವ್ರ ಮಾನಸಿಕ ಕಾಯಿಲೆಗೆ ಬಿದ್ದು ಆಸ್ಪತ್ರೆ ಸೇರಿದರು. ವಾಸಿಯಾಗಿ ಬಂದಮೇಲೆ, ಧರ್ಮವನ್ನು ಗ್ರಂಥದಲ್ಲಿ ಓದಿದಷ್ಟೇ ಶ್ರದ್ಧೆಯಿಂದ ನರಳುವ ಮನುಷ್ಯನಲ್ಲೂ ಓದಬೇಕೆಂದು ಹಟಹಿಡಿದು, 1925ರಲ್ಲಿ ಮ್ಯಾಸಚೂಸೆಟ್ಸಿನ ವುಸ್ಟರ್ ಆಸ್ಪತ್ರೆಯಲ್ಲಿ ಮೊದಲ ತರಬೇತಿ ಶುರುಮಾಡಿದರು. ಅದು ಬೆಳೆದು ಬಂದ ಸಂಸ್ಥೆಯ ಕಚೇರಿ ಈಗ ಅಟ್ಲಾಂಟಾ ಭಾಗದಲ್ಲಿದೆ. ಒಂದು ಘಟಕವೆಂದರೆ 400 ಗಂಟೆ; ಬಹುಪಾಲು ರೋಗಿಗಳ ಬಳಿ, ಉಳಿದದ್ದು ಗುಂಪಿನಲ್ಲಿ ಕೂತು ತಮ್ಮದೇ ಭೇಟಿಗಳನ್ನು ಬಿಚ್ಚಿ ನೋಡುವುದರಲ್ಲಿ. ನಾನು ರೋಗಿಗೆ ಏನು ಹೇಳಿದೆ, ಯಾಕೆ ಹೇಳಿದೆ, ಅದು ಅವರ ಅಗತ್ಯವೋ ನನ್ನ ಅಗತ್ಯವೋ ಎಂದು ಗುಂಪು ಕೇಳುತ್ತದೆ.

ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಅಮ್ಮ ಇಲ್ಲಿಗೆ ಬಂದಿದ್ದಾಗ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಎರಡನೆಯ ದಿನ ಚಾಪ್ಲಿನ್ ಬಂದರು. ಬ್ಯಾಪ್ಟಿಸ್ಟ್ ಪಂಗಡದ ಕಪ್ಪು ಹೆಂಗಸು, ನಾರ್ತ್ ಕೆರೊಲಿನಾದವರು. "ಯಾರೋ ಇವರು, ಡಾಕ್ಟರಮ್ಮನಾ?" ಅಂದರು ಅಮ್ಮ. "ಅಲ್ಲಮ್ಮ, ಸುಮ್ಮನೆ ನಿನ್ನನ್ನ ಮಾತಾಡಿಸೋಕೆ ಬಂದಿದಾರೆ" ಅಂದೆ. ಆಕೆ ದೇವರ ವಿಷಯ ಎತ್ತಲಿಲ್ಲ. ಮನೆಯಲ್ಲಿ ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಾರೆ ಎಂದು ಕೇಳಿದರು. ನಾನು ಅನುವಾದಿಸಿದೆ. "ಇನ್ನೇನು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋದು" ಅಂದರು ಅಮ್ಮ. ಆಕೆ ಹೋಗಿ ದಪ್ಪ ಕಾಗದ, ಪೆನ್ಸಿಲ್ ತಂದುಕೊಟ್ಟರು. ಡ್ರಿಪ್ ಹಾಕಿದ್ದ ಕೈಯನ್ನು ಹಾಗೇ ಇಟ್ಟು ಇನ್ನೊಂದು ಕೈಯಲ್ಲಿ ಅಮ್ಮ ಚುಕ್ಕಿ ಇಟ್ಟು ಎಳೆ ಎಳೆದರು. ದಿನಾ ಒಂದು. ಅದನ್ನು ಕೋಣೆಯ ಬಾಗಿಲಿಗೆ ಅಂಟಿಸಲು ನರ್ಸ್‌ಗಳಿಗೆ ಹೇಳಿಟ್ಟಿದ್ದರು. ಆಮೇಲೆ ನಾನು ಅದೇ ಆಸ್ಪತ್ರೆಯಲ್ಲಿ ತಿಂಗಳಿಗೆ ಎರಡು ಶನಿವಾರ ಸ್ವಯಂಸೇವಕನಾದೆ. ಮೊದಲ ದಿನವೇ ಹೇಳಿದ ನಿಯಮ: ಕೇಳುವ ತನಕ ನಿಮ್ಮ ಪ್ರಾರ್ಥನೆಯನ್ನು ಕೋಣೆಯೊಳಗೆ ತರಬೇಡಿ.

ಮೇಸ್ ಅವರ ಮೈಸೂರು ಕತೆಯನ್ನು ಒಮ್ಮೆ ನಮ್ಮ ಕನ್ನಡದ ಗೆಳೆಯರು ಸೇರಿದ್ದ ಕಡೆ ಹೇಳಿದೆ. ಎಲ್ಲರೂ ಮೆಚ್ಚಿದರು. ಅಮೆರಿಕ ಎಷ್ಟು ಕ್ರೂರವಾಗಿತ್ತು ನೋಡಿ ಎಂದರು. ಊಟ ಮುಗಿದ ಮೇಲೆ, ಚಾಮರಾಜನಗರದ ಕಡೆಯ ಹುಡುಗನೊಬ್ಬ ಕಾರಿನ ತನಕ ನನ್ನ ಜೊತೆ ನಡೆದುಬಂದ. "ಸರ್, ಆ ಹೆಡ್‌ಮಾಸ್ಟರ ಮಾತು ಅರ್ಧ ಅಮೆರಿಕದ ಬಗ್ಗೆ, ಇನ್ನರ್ಧ ನಮ್ಮ ಬಗ್ಗೆ ಅಲ್ವಾ? ಇಲ್ಲಿ ಹೊಸದಾಗಿ ಸಿಕ್ಕವರು ಯಾವ ಊರು, ಮನೆದೇವರು ಯಾವುದು ಅಂತ ಕೇಳ್ತಾರೆ. ದೇವರ ಹೆಸರು ಹೇಳಿದ್ರೆ ಮಿಕ್ಕಿದ್ದು ಗೊತ್ತಾಗುತ್ತೆ. ಅದಕ್ಕೆ ನಾನು ಊರಿನ ಹೆಸರು ಹೇಳಿ ಮಾತು ಬದಲಾಯಿಸ್ತೀನಿ. ಮಗಳು ಹುಟ್ಟಿದ ಮೇಲೆ, ಅವಳಿಗೂ ಇದನ್ನ ಕಲಿಸಬೇಕಾ ಅಂತ ಯೋಚನೆ" ಅಂದ. ನಾವಿಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.

ಆ ಹುಡುಗನ ಮಾತಿನಲ್ಲಿ ನಮ್ಮ ಹೊಣೆಯ ಪಟ್ಟಿ ಇದೆ. ಈ ದೇಶದಲ್ಲಿ ನಾವು ಅಲ್ಪಸಂಖ್ಯಾತರು. ಮಕ್ಕಳಿಗೆ ದೀಪಾವಳಿಗೆ ರಜೆ ಬೇಕು, ಆಸ್ಪತ್ರೆಯಲ್ಲಿ ಸಸ್ಯಾಹಾರ ಬೇಕು, ಕಾಲೇಜಿಗೊಬ್ಬ ಹಿಂದೂ ಚಾಪ್ಲಿನ್ ಬೇಕು. ಕೇಳುವುದು ನ್ಯಾಯವೇ. ಫಿಶೆಲ್ ಲಿಂಕನ್ನರ ಬಾಗಿಲು ತಟ್ಟದಿದ್ದರೆ, ಮೇಸ್‌ರಂಥವರು ತಲೆಯೆತ್ತದಿದ್ದರೆ, 1965ರ ವಲಸೆ ಕಾನೂನಿನ ನಂತರ ಬಂದ ನಾವು ಹೀಗೆ ಕೇಳುವ ಸ್ಥಿತಿಯಲ್ಲೂ ಇರುತ್ತಿರಲಿಲ್ಲ. ಆದರೆ ನಾಳೆ ನಮ್ಮ ಹೆಸರಿನಲ್ಲಿ ಒಬ್ಬ ಚಾಪ್ಲಿನ್ ಬಂದಾಗ, ಚಾಮರಾಜನಗರದ ಆ ಹುಡುಗನ ಮಗಳು ತನ್ನ ಮನೆದೇವರ ಹೆಸರನ್ನು ಅಂಜದೆ ಅವರ ಮುಂದೆ ಹೇಳಬಲ್ಲಳೇ? ಹೇಳಲಾರಳಾದರೆ ನಾವು ಗಳಿಸಿಕೊಂಡ ಕುರ್ಚಿ ಅರ್ಧ ಜನರದ್ದು ಮಾತ್ರ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸರ್ವಧರ್ಮ ಸಭೆಗಳಲ್ಲಿ ನಮಗೆ ಸಿಗುವ ಐದು ನಿಮಿಷದಲ್ಲಿ ನಾಲ್ಕನ್ನು ಶಾಂತಿಮಂತ್ರಕ್ಕೆ ಇಟ್ಟುಕೊಂಡರೂ, ಒಂದು ನಿಮಿಷ ಮೈಸೂರಿನ ಆ ಶಾಲೆಯ ವಿಷಯ ಹೇಳಬಹುದು. ಭಾನುವಾರದ ಕನ್ನಡ ತರಗತಿಯಲ್ಲಿ ದಸರೆಯ ಆನೆಯ ಜೊತೆಗೆ ಆ ಹೆಡ್‌ಮಾಸ್ಟರ ಕತೆಯನ್ನೂ ಮಕ್ಕಳಿಗೆ ಕಲಿಸಬಹುದು. ಹೊಸಬರು ಊಟಕ್ಕೆ ಬಂದಾಗ ಮನೆದೇವರನ್ನು ವಿಚಾರಿಸುವ ಬದಲು, ಆ ಚಾಪ್ಲಿನ್ ಅಮ್ಮನನ್ನು ಕೇಳಿದ ಹಾಗೆ, ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ ಎಂದು ಕೇಳಬಹುದು. ಕಾಫಿ ಕುಡಿಯುತ್ತೇನೆ ಎಂದು ಹೇಳಿದರೆ ಅಲ್ಲಿಂದಲೇ ಮಾತು ಮುಂದುವರಿಯಲಿ.